ಗೋವಾ 70.3: ಸೈಕಲ್ ಇಳಿದ ಮೇಲೆ ಶುರುವಾಗೋ ಸೆಖೆ

ಹಿಂದಿನ_ಚಕ್ರ

ಮಿರಾಮಾರ್‌ನ ಐರನ್‌ಮ್ಯಾನ್ 70.3 ಮುಗಿಸಿ ಬಂದಿದ್ದೀನಿ, ರಿಪೋರ್ಟ್ ಹಾಕು ಅಂತ ಕೆಲವರು ಕೇಳಿದ್ರಿ. ಟೈಮಿಂಗು, ಮೆಡಲ್ಲು, ಫೋಟೋ ಎಲ್ಲ ಬಿಡಿ. ಎಂಟೂವರೆ ಗಂಟೆಯ ಕಟ್ ಆಫ್ ಒಳಗೆ ಬಂದೆ, ಅಷ್ಟು ಸಾಕು. ನಾನು ಬರೀಬೇಕು ಅಂದ್ಕೊಂಡಿರೋದು ಸೆಖೆ ಬಗ್ಗೆ. ಬೆಂಗಳೂರಿಂದ ಹೋಗೋರು ಸಮುದ್ರಕ್ಕೆ ಹೆದರ್ತಾರೆ, ಸೈಕಲ್ಲಿಗೆ ದುಡ್ಡು ಸುರೀತಾರೆ, ಸೆಖೆಯನ್ನ ಮಾತ್ರ "ಆ ದಿನ ನೋಡ್ಕೊಂಡ್ರಾಯ್ತು" ಅಂತ ಬಿಟ್ಟಿರ್ತಾರೆ.

ಹೊಸಬರಿಗೆ: ಇದೊಂದು ಟ್ರಯಥ್ಲಾನ್, ಒಂದರ ಹಿಂದೆ ಒಂದು 1.9 ಕಿ.ಮೀ. ಸಮುದ್ರದಲ್ಲಿ ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ. ಮೂರನ್ನೂ ಮೈಲಿಯಲ್ಲಿ ಕೂಡಿದ್ರೆ 70.3. ಗೋವಾದಲ್ಲಿ ಇದು ಮೊದಲು ನಡೆದದ್ದು 2019ರ ಅಕ್ಟೋಬರ್‌ನಲ್ಲಿ. ಆಮೇಲೂ ಅಕ್ಟೋಬರ್ ಇಲ್ಲವೇ ನವೆಂಬರ್‌ನಲ್ಲೇ ಆಗ್ತಾ ಬಂದಿದೆ. ಅಂದ್ರೆ ಮಳೆ ಹೋಗಿರುತ್ತೆ, ಮಳೆಯ ತೇವ ಹೋಗಿರಲ್ಲ. ಹವಾಮಾನದ ಆಪ್ ನೋಡಿದ್ರೆ 32 ಡಿಗ್ರಿ ಅಂತ ಇರುತ್ತೆ. ನೋಡಿದವರು "ಅಯ್ಯೋ ಇಷ್ಟೇನಾ" ಅಂತಾರೆ. ಅದರ ಕೆಳಗೆ ತೇವಾಂಶ ಅಂತ ಇನ್ನೊಂದು ಸಾಲು ಇರುತ್ತಲ್ಲ, ಅದನ್ನ ಯಾರೂ ಓದಲ್ಲ.

ಈಜಿನಿಂದಲೇ ಶುರು ಆಗುತ್ತೆ. ಬೆಳಿಗ್ಗೆ ಏಳರ ಹೊತ್ತಿಗೂ ನೀರು ಬೆಚ್ಚಗೆ. ವೆಟ್‌ಸೂಟ್ (ಮೈ ಬೆಚ್ಚಗಿಡೋ ರಬ್ಬರ್ ಉಡುಪು) ಮಾತೇ ಇಲ್ಲ, ಅಷ್ಟು ಬೆಚ್ಚನೆ ನೀರಲ್ಲಿ ಅದಕ್ಕೆ ಅನುಮತಿಯೂ ಇಲ್ಲ. ನಮ್ಮ ಬೆಂಗಳೂರಿನ ಈಜುಕೊಳಗಳಲ್ಲಿ ಡಿಸೆಂಬರ್‌ನಲ್ಲಿ ಹಲ್ಲು ಕಡಕಡ ಅನ್ನಿಸ್ಕೊಂಡು ಕಲಿತವರಿಗೆ ಇದು ಸುಖ ಅನ್ನಿಸುತ್ತೆ. ಆದರೆ ನೀರಿನಿಂದ ಎದ್ದು ಮರಳಿನ ಮೇಲೆ ಟ್ರಾನ್ಸಿಷನ್ (ಸೈಕಲ್ ಇಟ್ಟಿರೋ ಜಾಗ) ಕಡೆ ಓಡುವಾಗಲೇ ತಲೆ ಬಿಸಿಯಾಗಿತ್ತು. ದಪ್ಪ ಸಿಲಿಕೋನ್ ಟೋಪಿ ಹಾಕೋರು ಇದನ್ನ ಯೋಚಿಸಿ.

ಸೈಕಲ್ಲು ಮೋಸ ಮಾಡುತ್ತೆ. ಗಂಟೆಗೆ 28-30ರಲ್ಲಿ ಹೋಗ್ತಿದ್ರೆ ಗಾಳಿ ಎದೆಗೆ ಹೊಡೀತಾ ಇರುತ್ತೆ, ಬೆವರು ಬಂದಹಾಗೇ ಒಣಗುತ್ತೆ, "ಎಷ್ಟು ಹಗುರವಾಗಿದೆ ಕಾಲು" ಅನ್ನಿಸುತ್ತೆ. ಸುತ್ತ ಇರೋರೆಲ್ಲ ದಾಟ್ಕೊಂಡು ಹೋಗ್ತಾರೆ. ಇನ್ನೂ ಒಂದು ಗೇರ್ ಏರಿಸೋಣ ಅಂತ ಕೈ ತುರಿಸುತ್ತೆ. ನಾನು ಎದೆಬಡಿತಕ್ಕೆ ಒಂದು ಮಿತಿ ಇಟ್ಕೊಂಡಿದ್ದೆ, ಬೆಂಗಳೂರಿನಲ್ಲಿ ಹೊಸಕೋಟೆ ರಸ್ತೆಯಲ್ಲಿ ತುಳಿಯೋದಕ್ಕಿಂತ ಹತ್ತು ಬಡಿತ ಕಡಿಮೆ. ಅದನ್ನ ದಾಟಿದ್ರೆ ಕಾಲು ಬಿಡೋದು, ಯಾರು ಮುಂದೆ ಹೋದ್ರೂ ಸರಿ. ದೇಹದ ಒಳಗಿನ ಬಿಸಿ ಅಲ್ಲಿ ಸಾಲದ ಹಾಗೆ ಏರ್ತಾ ಇರುತ್ತೆ, ವಸೂಲಿಗೆ ಬರೋದು ಓಟದಲ್ಲಿ. ಓಟದ ವೇಗ ಗಂಟೆಗೆ 8-9. ಗಾಳಿ ಇಲ್ಲ. ಹೊತ್ತು ಹನ್ನೊಂದರಿಂದ ಮೂರು. ದೋನಾ ಪಾವ್ಲಾ ಕಡೆ ಹೋಗಿ ಬಂದು, ಹೋಗಿ ಬಂದು ಸುತ್ತೋದು.

ಅಲ್ಲಿ ಕಂಡದ್ದು: ಸೈಕಲ್ ಮೇಲೆ ನನ್ನನ್ನ ಗಾಳಿಯಂಥ ವೇಗದಲ್ಲಿ ದಾಟಿದವರು ಮೊದಲನೇ ಸುತ್ತಿನಲ್ಲೇ ಸೊಂಟಕ್ಕೆ ಕೈ ಕೊಟ್ಟು ನಡೀತಿದ್ರು. ಕೆಲವರು ನನಗಿಂತ ತುಂಬಾ ಗಟ್ಟಿಗರು, ಅವರ ಕಾಲಿನ ಸ್ನಾಯು ನೋಡಿದ್ರೇ ಗೊತ್ತಾಗುತ್ತೆ. ನಾನೇನು ಹಾರಿಕೊಂಡು ಹೋದೆ ಅಂತಲ್ಲ. ಪ್ರತಿ ಎಯ್ಡ್ ಸ್ಟೇಷನ್‌ನಲ್ಲೂ ನಡೆಯೋದು ಅಂತ ಮೊದಲೇ ತೀರ್ಮಾನ ಆಗಿತ್ತು. ಐಸ್ ತಗೊಂಡು ಟೋಪಿ ಒಳಗೆ, ಕುತ್ತಿಗೆ ಹಿಂದೆ, ಟ್ರೈಸೂಟ್ (ಮೂರಕ್ಕೂ ಹಾಕೋ ಒಂದೇ ಬಿಗಿ ಉಡುಪು) ಎದೆ ಒಳಗೆ. ಸ್ಪಂಜು ತೋಳಿಗೆ. ಒಂದು ಲೋಟ ಕುಡಿಯೋದು, ಮತ್ತೆ ಓಟ. ಕೊನೇ ಸುತ್ತಿನಲ್ಲಿ ಶಕ್ತಿಗೆ ಅಂತ ತಿನ್ನೋ ಎನರ್ಜಿ ಜೆಲ್ ಕಂಡ್ರೆ ವಾಕರಿಕೆ. ಕೋಲಾ ಗುಟುಕು ಗುಟುಕಾಗಿ, ಅದರ ಮೇಲೇ ಮುಗಿಸಿದೆ.

ಒಂದು ಎಚ್ಚರಿಕೆ, ತಲೆ ಮೇಲೆ ಲೋಟಗಟ್ಟಲೆ ನೀರು ಸುರ್ಕೊಂಡ್ರೆ ಅದು ಇಳಿದು ಶೂ ಸೇರುತ್ತೆ. ಆಮೇಲೆ ಹಿಮ್ಮಡಿಯಲ್ಲಿ ಬೊಬ್ಬೆ. ಬಗ್ಗಿ ಸುರ್ಕೊಳ್ಳಿ.

ಸುಮ್ನೆ_ಓದುಗ

ದುಡ್ಡು ಕೊಟ್ಟು ಬಿಸಿಲಲ್ಲಿ ಸಾಯೋಕೆ ಇಷ್ಟೊಂದು ಪ್ಲಾನಿಂಗಾ ಗುರು?

ಹಿಂದಿನ_ಚಕ್ರ

ಪ್ಲಾನಿಂಗ್ ಮಾಡೋದೇ ಸಾಯ್ದೇ ಇರೋಕೆ ಗುರು.

ಕಲಬುರಗಿ_ಪ್ಯಾಡಲ್

ಅಣ್ಣಾ, 32 ಡಿಗ್ರಿಗಿ ಇಷ್ಟ್ಯಾಕ ಹೆದರ್ತೀರಿ ಅಂತ ಮೊದಲ ನಗು ಬಂತು. ನಮ್ಮ ಕಡಿ ಏಪ್ರಿಲ್‌ದಾಗ 42 ದಾಟ್ತದ. ಸರ್ಕಾರಿ ಆಫೀಸ್ ಸುದ್ದಾ ಮುಂಜಾನಿ 8ಕ್ಕ ಚಾಲೂ ಮಾಡಿ ಮಧ್ಯಾಹ್ನ ಒಂದೂವರಿಗಿ ಬಂದ್ ಮಾಡ್ತಾರ. ನಾವು ಅದೇ ಬಿಸಿಲಾಗ ಸೈಕಲ್ ಹೊಡೀತೀವಿ. ಆದ್ರ ಮಂಗಳೂರಿಗಿ ಒಂದು ಮದುವಿಗಿ ಹೋಗಿದ್ದೆ, ಸುಮ್ಮ ನಿಂತ್ರೂ ಅಂಗಿ ಒದ್ದಿ. ನಮ್ಮಲ್ಲಿ ಬೆವರು ಬಂದದ್ದೇ ಗೊತ್ತಾಗಂಗಿಲ್ಲ, ಬೆನ್ನಿನ ಮ್ಯಾಲ ಉಪ್ಪಿನ ಗೆರಿ ನೋಡಿದ ಮ್ಯಾಲ ತಿಳೀತದ. ಅಲ್ಲಿ ಬೆವರು ಇಳೀತದ, ತಂಪು ಆಗಂಗಿಲ್ಲ. ಯಾಕ ಹಂಗ?

ವೈದ್ಯೆ_ಶಿರಸಿ

ನಿಮ್ಮ ಪ್ರಶ್ನೆಯೇ ಇಡೀ ವಿಷಯದ ತಿರುಳು. ಬೆವರು ಬರುವುದರಿಂದ ಮೈ ತಂಪಾಗುವುದಿಲ್ಲ, ಬೆವರು ಆವಿಯಾಗುವುದರಿಂದ ತಂಪಾಗುತ್ತದೆ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲೊರಿ ಶಾಖ ಮೈಯಿಂದ ಹೊರಹೋಗುತ್ತದೆ. ಅದೇ ಲೀಟರ್ ತೊಟ್ಟಿಕ್ಕಿ ನೆಲಕ್ಕೆ ಬಿದ್ದರೆ ಹೋದದ್ದು ನೀರು ಮತ್ತು ಉಪ್ಪು ಮಾತ್ರ, ಶಾಖ ಅಲ್ಲೇ ಇರುತ್ತದೆ. ಕಲಬುರಗಿಯ ಒಣಗಾಳಿ ಬೆವರನ್ನು ಹೀರಿಕೊಳ್ಳುತ್ತದೆ, ಕರಾವಳಿಯ ಗಾಳಿಯಲ್ಲಿ ಅದಕ್ಕೆ ಜಾಗವಿಲ್ಲ.

ಇನ್ನೊಂದು ಕಡೆ, ಸ್ನಾಯು ಖರ್ಚು ಮಾಡುವ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲು ಪಾಲು ಪೆಡಲಿಗೆ ಹೋಗುತ್ತದೆ, ಉಳಿದ ಮುಕ್ಕಾಲು ಬಿಸಿಯಾಗಿ ಮೈಯೊಳಗೇ ಉಳಿಯುತ್ತದೆ. ಆದ್ದರಿಂದ ಹಿಂದಿನ_ಚಕ್ರ ಅವರು ಸೈಕಲ್ ಮೇಲೆ ಹತ್ತು ಬಡಿತ ಇಳಿಸಿದ್ದು ಸರಿಯಾದ ಲೆಕ್ಕ. ಬಿಸಿಯನ್ನು ಹೊರಹಾಕಲು ಆಗದ ದಿನ ಕಡಿಮೆ ಉತ್ಪಾದಿಸುವುದೊಂದೇ ದಾರಿ. ಚರ್ಮವನ್ನು ತಣಿಸಲು ರಕ್ತ ಹೊರಮೈಗೆ ಹೋದಾಗ ಹೊಟ್ಟೆಗೆ ಸಿಗುವುದು ಕಡಿಮೆ. ಕೊನೇ ಸುತ್ತಿನ ವಾಕರಿಕೆಗೆ ಅದೂ ಒಂದು ಕಾರಣ, ಜೆಲ್ಲಿನ ಕಂಪನಿಯನ್ನು ಬೈಯಬೇಡಿ.

ಕಲಬುರಗಿಯವರಿಗೆ ಒಂದು ಮಾತು: ಒಣಬಿಸಿಲಿನಲ್ಲಿ ಪಳಗಿದ ಮೈಗೆ ಲಾಭ ಇದ್ದೇ ಇದೆ, ರಕ್ತದ ದ್ರವ ಹೆಚ್ಚಿರುತ್ತದೆ, ಬೆವರು ಬೇಗ ಶುರುವಾಗುತ್ತದೆ. ಆದರೆ ಗೋವಾಕ್ಕೆ ಹೊರಟರೆ ಕರಾವಳಿಯಲ್ಲಿ ನಾಲ್ಕು ದಿನ ಮೊದಲೇ ಹೋಗಿ ಇರಿ.

ತಣ್ಣೀರುಬಾವಿ

ನಾವು ಹುಟ್ಟಿದ್ದೇ ಈ ಸೆಖೆಯಲ್ಲಿ ಮಾರಾಯ್ರೆ. ಎಂತ ಟೋಪಿಗೆ ಐಸು, ಎಂತ ಜೆಲ್ಲು! ಬೆಳಿಗ್ಗೆ ಗಂಜಿ ಊಟ, ಉಪ್ಪಿನಕಾಯಿ, ರೇಸ್ ಮುಗಿದ ಮೇಲೆ ಎರಡು ಬೊಂಡ (ನಿಮ್ಮ ಎಳನೀರು). ಬೊಂಡದಲ್ಲಿ ಎಲ್ಲಾ ಉಂಟು. ಉಪ್ಪಿನ ಮಾತ್ರೆ ಎಲ್ಲ ಪೇಟೆಯವರ ಶೋಕಿ.

ವೈದ್ಯೆ_ಶಿರಸಿ

ಗಂಜಿ, ಉಪ್ಪಿನಕಾಯಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ಬೊಂಡದ ವಿಷಯದಲ್ಲಿ ಇಲ್ಲ. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ. ಬೆವರಿನಲ್ಲಿ ನಾವು ಕಳೆದುಕೊಳ್ಳುವುದು ಮುಖ್ಯವಾಗಿ ಸೋಡಿಯಂ. ಏಳು ಗಂಟೆ ಬೆವರಿ ಬರೀ ಎಳನೀರು ಕುಡಿದರೆ ಲೆಕ್ಕ ತಾಳೆಯಾಗುವುದಿಲ್ಲ. ಒಂದು ಚಿಟಿಕೆ ಉಪ್ಪು ಹಾಕಿಕೊಂಡರೆ ತೊಂದರೆ ಇಲ್ಲ, ರುಚಿ ಕೆಟ್ಟರೆ ನನ್ನನ್ನು ಬೈಯಿರಿ.

ತಣ್ಣೀರುಬಾವಿ

ಬೊಂಡಕ್ಕೆ ಉಪ್ಪಾ? ಡಾಕ್ಟ್ರೇ, ಇದು ಅನ್ಯಾಯ.

ಬರ್‌ದುಬೈ_ಕನ್ನಡಿಗ

ನಾನು ಮೂಲತಃ ಹಾಸನ, ಈಗ ದುಬೈ. ಇಲ್ಲಿ 70.3 ನಡೀತಿದ್ದದ್ದು ಚಳಿಗಾಲದಲ್ಲಿ, ಬೇಸಿಗೆಯಲ್ಲಿ ಯಾರೂ ಅಂಥ ಸಾಹಸಕ್ಕೆ ಇಳಿಯಲ್ಲ. ಆದರೆ ಅಭ್ಯಾಸ ಮಾಡೋದು ವರ್ಷವಿಡೀ ಅಲ್ವಾ, ಜುಲೈನಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಹೊರಗೆ ಬಂದ್ರೂ ಕನ್ನಡಕ ಮಂಜಾಗುತ್ತೆ.

ಇಲ್ಲಿ ಕಲಿತದ್ದು ತೂಕದ ಲೆಕ್ಕ. ಒಂದು ಗಂಟೆ ಓಡೋ ಮುಂಚೆ ಬಟ್ಟೆ ಇಲ್ಲದೆ ತೂಕ ನೋಡಿ, ಬಂದು ಮೈ ಒರೆಸಿಕೊಂಡು ಮತ್ತೆ ನೋಡಿ. ಇಳಿದ ಒಂದು ಕೆ.ಜಿ. ಅಂದ್ರೆ ಹತ್ತಿರ ಹತ್ತಿರ ಒಂದು ಲೀಟರ್ ಬೆವರು. ಮಧ್ಯೆ ಕುಡಿದದ್ದು ಅದಕ್ಕೆ ಕೂಡಿಸಿ. ನನ್ನದು ಗಂಟೆಗೆ ಒಂದೂವರೆ ಲೀಟರ್, ನನ್ನ ಜೊತೆ ಓಡೋ ಮಲಯಾಳಿ ಗೆಳೆಯನದು ಮುಕ್ಕಾಲು ಲೀಟರ್. ನಾನು ಕುಡಿಯೋಷ್ಟು ಅವನು ಕುಡಿದ್ರೆ ಅವನ ಕಥೆ ಮುಗೀತು. ಹಾಗಾಗಿ ಇನ್ನೊಬ್ಬರ ನೀರಿನ ಪ್ಲಾನ್ ಕಾಪಿ ಹೊಡೀಬೇಡಿ.

ಮೊದಲ_ಸಲ_ದಾವಣಗೆರೆ

ಮುಂದಿನ ಗೋವಾಕ್ಕೆ ರಿಜಿಸ್ಟರ್ ಮಾಡಬೇಕು ಅಂತಿದ್ದೀನಿ, ಈ ಥ್ರೆಡ್ ಓದಿ ಕೈ ನಡುಗ್ತಿದೆ. ಜಾಸ್ತಿ ನೀರು ಕುಡಿದ್ರೆ ಕಥೆ ಯಾಕೆ ಮುಗಿಯುತ್ತೆ? ನಮ್ಮ ಜಿಮ್ ಕೋಚ್ ಬಾಯಾರಿಕೆ ಆಗೋ ಮುಂಚೆನೇ ಕುಡೀತಾ ಇರಿ ಅಂತಾರೆ. ಮತ್ತೆ ಇನ್ನೊಂದು: ಮಧ್ಯಾಹ್ನದ ಬಿಸಿಲಲ್ಲಿ ಅಭ್ಯಾಸ ಮಾಡು ಅಂತ ಎಲ್ಲರೂ ಹೇಳ್ತಾರೆ, ಒಬ್ಬಳು ಹುಡುಗಿ ಎರಡು ಗಂಟೆ ಹೊತ್ತಲ್ಲಿ ಖಾಲಿ ರಿಂಗ್ ರೋಡಲ್ಲಿ ಓಡೋದು ಹೇಗೆ ಅಂತ ಯಾರೂ ಹೇಳಲ್ಲ.

ವೈದ್ಯೆ_ಶಿರಸಿ

ಎರಡನೆಯದು ಒಳ್ಳೆಯ ಪ್ರಶ್ನೆ, ಅದನ್ನು ಹಿಂದಿನ_ಚಕ್ರ ಅವರಿಗೆ ಬಿಡುತ್ತೇನೆ. ಮೊದಲನೆಯದಕ್ಕೆ ಉತ್ತರ: ಬೆವರಿದ್ದಕ್ಕಿಂತ ಹೆಚ್ಚು ನೀರು ಕುಡಿದರೆ ರಕ್ತದ ಸೋಡಿಯಂ ತೆಳುವಾಗುತ್ತದೆ. ಲೀಟರಿಗೆ 135 ಮಿಲಿಮೋಲ್‌ಗಿಂತ ಕೆಳಗೆ ಹೋದರೆ ಅದನ್ನು ಹೈಪೊನಾಟ್ರೀಮಿಯಾ ಅನ್ನುತ್ತೇವೆ. ತೀವ್ರವಾದರೆ ಮೆದುಳು ಊದಿ ಜೀವಕ್ಕೇ ಅಪಾಯ. ಇದು ಅಪರೂಪದ ಕಥೆಯಲ್ಲ. 2002ರ ಬೋಸ್ಟನ್ ಮ್ಯಾರಥಾನ್‌ನಲ್ಲಿ ಗುರಿ ಮುಟ್ಟಿದ 488 ಜನರ ರಕ್ತ ಪರೀಕ್ಷಿಸಿದಾಗ 13 ಶೇಕಡಾ ಜನರಲ್ಲಿ ಸೋಡಿಯಂ ಕಡಿಮೆ ಇತ್ತು. ಹೆಚ್ಚು ಹೊತ್ತು ಓಡಿದವರಲ್ಲಿ, ಅಂದರೆ ನಿಧಾನಗತಿಯವರಲ್ಲಿ ಇದು ಜಾಸ್ತಿ. ಅವರು ನಿಂತು ನಿಂತು ಕುಡಿಯುತ್ತಾರೆ, ಬೆವರುವುದು ಕಡಿಮೆ. ಉಂಗುರ ಬಿಗಿಯಾದರೆ, ವಾಚಿನ ಪಟ್ಟಿ ಬಿಗಿಯಾದರೆ, ಹೊಟ್ಟೆಯಲ್ಲಿ ನೀರು ಕುಲುಕಾಡಿದರೆ ಕುಡಿಯುವುದನ್ನು ನಿಲ್ಲಿಸಿ. ಬಾಯಾರಿಕೆಗೆ ತಕ್ಕಂತೆ ಕುಡಿಯುವುದು ಹೆಚ್ಚಿನವರಿಗೆ ಸಾಕು.

ಓಆರ್‌ಎಸ್ ಬಗ್ಗೆಯೂ ಹೇಳಿಬಿಡುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪ್ಯಾಕೆಟ್ 20.5 ಗ್ರಾಂ ಇರುತ್ತದೆ, ಒಂದು ಲೀಟರ್ ನೀರಿಗೆ. ಅದರಲ್ಲಿ ಸೋಡಿಯಂ ಸುಮಾರು 1.7 ಗ್ರಾಂ, ಗ್ಲೂಕೋಸ್ 13.5 ಗ್ರಾಂ. ಉಪ್ಪಿಗೆ ಒಳ್ಳೆಯದು, ಶಕ್ತಿಗೆ ಸಾಲದು. ಅಂಗಡಿಯ ಟೆಟ್ರಾಪ್ಯಾಕ್ ಸಿಹಿ ಪಾನೀಯಗಳ ಮೇಲೆ ಓಆರ್‌ಎಸ್ ಅಂತ ಹೆಸರು ಹಾಕುವುದನ್ನು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ನಿಲ್ಲಿಸಿತು. ಹಳೇ ಅಭ್ಯಾಸದಲ್ಲಿ ಅದನ್ನೇ ತುಂಬಿಸಿಕೊಂಡು ಹೋಗಬೇಡಿ. ಮಂಡಿ ನೋವಿಗೆ ಅಂತ ರೇಸ್ ಮಧ್ಯೆ ಐಬುಪ್ರೊಫೆನ್ ನುಂಗುವವರೂ ಇದ್ದಾರೆ. ನೀರು ಕಡಿಮೆಯಾದ ಮೈಯಲ್ಲಿ ಮೂತ್ರಪಿಂಡಕ್ಕೆ ಅದು ಪೆಟ್ಟು, ದಯವಿಟ್ಟು ಬೇಡ.

ಹಿಂದಿನ_ಚಕ್ರ

ದಾವಣಗೆರೆ ಮೇಡಂ, ರಸ್ತೆ ಬೇಕೇ ಬೇಕು ಅಂತಿಲ್ಲ. ನಾನೂ ಬಹುಪಾಲು ಮನೆಯೊಳಗೇ ಮಾಡಿದ್ದು, ಬೆಂಗಳೂರಿನಲ್ಲಿ ಸೆಪ್ಟೆಂಬರ್ ತಿಂಗಳು ಬಿಸಿಲೇ ಇರಲ್ಲ. ಸೈಕಲ್ಲನ್ನ ಟ್ರೈನರ್ (ನಿಂತಲ್ಲೇ ತುಳಿಯೋಕೆ ಇರೋ ಸ್ಟ್ಯಾಂಡ್) ಮೇಲೆ ಕೂರಿಸಿ, ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಮೇಲೊಂದು ಮಳೆಕೋಟು. ಒಂದು ಗಂಟೆ ನಿಧಾನಕ್ಕೆ ತುಳಿಯೋದು, ಗುದ್ದಾಡೋದಲ್ಲ. ಕೆಳಗೆ ಹಳೇ ಬೆಡ್‌ಶೀಟ್ ಹಾಸಿ, ಇಲ್ಲಾಂದ್ರೆ ಮನೆಯವರು ಸೈಕಲ್ ಸಮೇತ ಹೊರಗೆ ಹಾಕ್ತಾರೆ. ರೇಸಿಗೆ ಮುಂಚಿನ ಎರಡು ವಾರ ಹೀಗೆ. ಮೊದಲ ದಿನಗಳಲ್ಲಿ ಎದೆಬಡಿತ ಹುಚ್ಚು ಹಿಡಿದಂತೆ ಏರುತ್ತೆ, ವಾರ ಕಳೆಯೋ ಹೊತ್ತಿಗೆ ಅದೇ ತುಳಿತಕ್ಕೆ ಇಳಿಯುತ್ತೆ. ನೋಡಿದ್ರೆ ಖುಷಿಯಾಗುತ್ತೆ. ಮನೆಯಲ್ಲಿ ಯಾರಾದರೂ ಇರುವಾಗಲೇ ಮಾಡಿ.

ವೈದ್ಯೆ_ಶಿರಸಿ

ಹೌದು. ಎದೆಬಡಿತ ಇಳಿಯುವುದು ಮೊದಲ ವಾರದಲ್ಲೇ ಕಾಣುತ್ತದೆ, ಬೆವರಿನ ವ್ಯವಸ್ಥೆ ಪಳಗಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಬಿಟ್ಟರೆ ಎರಡು ಮೂರು ವಾರದಲ್ಲಿ ಹೆಚ್ಚಿನದು ಮಾಯ, ಆದ್ದರಿಂದ ಬೇಸಿಗೆಯಲ್ಲಿ ಮಾಡಿದ್ದನ್ನು ನಂಬಿ ಅಕ್ಟೋಬರ್‌ಗೆ ಹೋಗಬೇಡಿ. ಹೆಣ್ಣುಮಕ್ಕಳಿಗೆ ಇನ್ನೊಂದು ವಿಷಯ: ಮುಟ್ಟಿಗೆ ಮುಂಚಿನ ಎರಡು ವಾರ ಮೈಯ ಉಷ್ಣತೆ ಸಹಜವಾಗಿಯೇ 0.3ರಿಂದ 0.5 ಡಿಗ್ರಿ ಮೇಲಿರುತ್ತದೆ. ಅಭ್ಯಾಸದಲ್ಲಿ "ಇವತ್ತು ಯಾಕೋ ಆಗ್ತಿಲ್ಲ" ಅನ್ನಿಸಿದ ದಿನ ಕ್ಯಾಲೆಂಡರ್ ನೋಡಿ, ನಿಮ್ಮನ್ನೇ ಬೈದುಕೊಳ್ಳಬೇಡಿ. ರೇಸಿಗಾಗಿ ಮಾತ್ರೆ ತಿಂದು ಮುಟ್ಟು ಮುಂದೂಡುವ ಯೋಚನೆ ಇದ್ದರೆ ನಿಮ್ಮ ವೈದ್ಯರ ಹತ್ತಿರ ಮಾತಾಡದೆ ಮಾಡಬೇಡಿ.

ಬರ್‌ದುಬೈ_ಕನ್ನಡಿಗ

ಅಭ್ಯಾಸ ಆದ ಮೇಲೆ 40 ಡಿಗ್ರಿ ಬಿಸಿನೀರಲ್ಲಿ ಅರ್ಧ ಗಂಟೆ ಕುತ್ತಿಗೆವರೆಗೆ ಮುಳುಗಿ ಕೂರೋದೂ ಕೆಲಸ ಮಾಡುತ್ತೆ. ಸತತ ಆರು ದಿನ ಮಾಡಿಸಿ ನೋಡಿದ ಪ್ರಯೋಗಗಳಿವೆ. ನಮ್ಮ ಅಪಾರ್ಟ್‌ಮೆಂಟಲ್ಲಿ ಬಾತ್‌ಟಬ್ ಇದೆ, ನಾನು ಅದನ್ನೇ ಮಾಡ್ತೀನಿ. ಏಳುವಾಗ ತಲೆ ಸುತ್ತುತ್ತೆ, ಗೋಡೆ ಹಿಡ್ಕೊಂಡು ನಿಧಾನಕ್ಕೆ.

ಕಲಬುರಗಿ_ಪ್ಯಾಡಲ್

ನಮ್ಮಲ್ಲಿ ಬಕೇಟ್ ಅದ. ಒಂದು ಕಾಲು ಹಿಡೀತದ ನೋಡ್ರಿ.

ಸುಮ್ನೆ_ಓದುಗ

ಸರಿ, ಈ ಸಲ ಸೀರಿಯಸ್ ಪ್ರಶ್ನೆ. ನಮ್ಮ ಬೀದಿಯಲ್ಲಿ ಫ್ಲೈಓವರ್ ಕೆಲಸ ಮಾಡೋ ಹುಡುಗರು ರಾಯಚೂರು, ಯಾದಗಿರಿ ಕಡೆಯವರು. ದಿನಾ ಎಂಟು ಗಂಟೆ ಬಿಸಿಲಲ್ಲಿ ಕಬ್ಬಿಣ ಕಟ್ತಾರೆ. ಅವರಿಗೆ ಐಸ್ ಇಲ್ಲ, ಸ್ಪಂಜ್ ಇಲ್ಲ, ಮೆಡಲ್ ಇಲ್ಲ. ನೀವು ಒಂದು ದಿನಕ್ಕೆ ಇಷ್ಟು ವಿಜ್ಞಾನ ಮಾತಾಡ್ತೀರಿ. ಇದೆಲ್ಲ ಸ್ವಲ್ಪ ಅತಿ ಅನ್ನಿಸಲ್ವಾ?

ಹಿಂದಿನ_ಚಕ್ರ

ಅನ್ನಿಸುತ್ತೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಾನು ಬೇಕು ಅಂತ ಹೋಗ್ತೀನಿ, ಬೇಡ ಅಂದ್ರೆ ಬದಿಗೆ ಬಂದು ಕೂರಬಹುದು. ಅವರಿಗೆ ಆ ಆಯ್ಕೆ ಇಲ್ಲ.

ಬರ್‌ದುಬೈ_ಕನ್ನಡಿಗ

ಇಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರು ಗಂಟೆ ತನಕ ಬಿಸಿಲಲ್ಲಿ ಕೆಲಸ ಮಾಡಿಸೋ ಹಾಗಿಲ್ಲ, ಕಾನೂನೇ ಇದೆ. ಗೋವಾದಲ್ಲಿ ನಾವು ದುಡ್ಡು ಕೊಟ್ಟು ಓಡೋದು ಸರಿಯಾಗಿ ಅದೇ ಹೊತ್ತಲ್ಲಿ. ಸುಮ್ನೆ_ಓದುಗ ಹೇಳಿದ್ದರಲ್ಲಿ ನಿಜ ಇದೆ.

ವೈದ್ಯೆ_ಶಿರಸಿ

ವಿಜ್ಞಾನ ಇಬ್ಬರಿಗೂ ಒಂದೇ. ಹೊಸದಾಗಿ ಕೆಲಸಕ್ಕೆ ಸೇರಿದ ಕಾರ್ಮಿಕ ಮೊದಲ ಕೆಲವು ದಿನಗಳಲ್ಲೇ ಹೆಚ್ಚು ಕುಸಿಯುವುದು, ಕಾರಣ ಇದೇ, ಮೈ ಇನ್ನೂ ಪಳಗಿರುವುದಿಲ್ಲ. ಆದ್ದರಿಂದ ಮುಂದಿನದನ್ನು ಓಟಗಾರರೂ ಮೇಸ್ತ್ರಿಗಳೂ ಓದಿ.

ಬಿಸಿಲಿನಲ್ಲಿ ದುಡಿಯುತ್ತಿರುವ ಅಥವಾ ಓಡುತ್ತಿರುವ ಒಬ್ಬರು ತೊದಲಿದರೆ, ದಿಕ್ಕು ತಪ್ಪಿದರೆ, ಸುಮ್ಮನೆ ಸಿಡುಕಿದರೆ, ತೂರಾಡಿದರೆ, ಅದು ಬರೀ ಸುಸ್ತಲ್ಲ. ಒಳಮೈ ಉಷ್ಣತೆ 40 ಡಿಗ್ರಿ ದಾಟಿರಬಹುದು. ಬೆವರುತ್ತಿದ್ದಾರೆ, ಹಾಗಾಗಿ ಹೀಟ್ ಸ್ಟ್ರೋಕ್ ಅಲ್ಲ ಅಂದುಕೊಳ್ಳಬೇಡಿ, ಶ್ರಮದಿಂದ ಬರುವ ಹೀಟ್ ಸ್ಟ್ರೋಕ್‌ನಲ್ಲಿ ಬೆವರು ಇರುತ್ತದೆ. ಹಣೆಗೆ ಹಿಡಿಯುವ ಗನ್ ಥರ್ಮಾಮೀಟರನ್ನು ನಂಬಬೇಡಿ. ಆಂಬುಲೆನ್ಸ್‌ಗೆ ಫೋನ್ ಮಾಡಿ, ಅದು ಬರುವವರೆಗೆ ಕಾಯಬೇಡಿ. ತಣ್ಣೀರಿನ ತೊಟ್ಟಿ, ಡ್ರಮ್, ಮಕ್ಕಳ ಗಾಳಿ ತುಂಬುವ ಈಜುಕೊಳ, ಏನು ಸಿಕ್ಕರೂ ಸರಿ, ಐಸ್ ಹಾಕಿ ಕುತ್ತಿಗೆವರೆಗೆ ಮುಳುಗಿಸಿ, ತಲೆ ಹಿಡಿದುಕೊಳ್ಳಿ. ಅದಿಲ್ಲದಿದ್ದರೆ ಒದ್ದೆ ಬಟ್ಟೆ ಹೊದಿಸಿ ಬದಲಿಸುತ್ತಾ ಜೋರಾಗಿ ಗಾಳಿ ಹಾಕಿ. ಮೊದಲ ಅರ್ಧ ಗಂಟೆಯೊಳಗೆ ತಣಿಸಿದರೆ ಬದುಕುವ ಸಾಧ್ಯತೆ ತುಂಬಾ ಹೆಚ್ಚು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹುಯ್ಯಬೇಡಿ. ಪ್ಯಾರಾಸಿಟಮಾಲ್ ಇಲ್ಲಿ ಉಪಯೋಗವಿಲ್ಲ, ಇದು ಜ್ವರವಲ್ಲ.

ತಣ್ಣೀರುಬಾವಿ

ಇದು ಬಹಳ ಉಪಕಾರ ಆಯ್ತು ಡಾಕ್ಟ್ರೇ. ಬೊಂಡದ ವಿಷಯ ಈಗ ಬಿಟ್ಟೆ.

ತೂರಾಡುವುದು ಅಂದಾಗ ನೆನಪಾಯ್ತು, 2016ರಲ್ಲಿ ಮೆಕ್ಸಿಕೋದ ಕೊಸುಮೆಲ್‌ನ ಟ್ರಯಥ್ಲಾನ್‌ನಲ್ಲಿ ಬ್ರಿಟನ್ನಿನ ಜಾನಿ ಬ್ರೌನ್ಲಿ ಮುಂದೆ ಇದ್ದವ ಕೊನೆಯ ಕೆಲವು ನೂರು ಮೀಟರಲ್ಲಿ ಹಾವಿನ ಹಾಗೆ ತೂರಾಡಿದ್ದು. ಅಣ್ಣ ಅಲಿಸ್ಟರ್ ಹಿಂದಿನಿಂದ ಬಂದು ಭುಜ ಹಿಡಿದು ಓಡಿಸಿ, ತಮ್ಮನನ್ನು ಗೆರೆಯ ಆಚೆ ದೂಡಿದ. ದಕ್ಷಿಣ ಆಫ್ರಿಕಾದ ಹೆನ್ರಿ ಶೂಮನ್ ಗೆದ್ದ, ತಮ್ಮ ಎರಡನೆಯವ, ಅಣ್ಣ ಮೂರನೆಯವ. ಅಲಿಸ್ಟರ್ ಅಂದ್ರೆ ಎರಡು ಸಲ ಒಲಿಂಪಿಕ್ ಚಿನ್ನ ತೆಗೆದವ. ಅಂಥ ಮನೆಯವನಿಗೇ ಆ ಗತಿ ಅಂದ್ರೆ ನಮ್ಮದೆಂತ?

ಹಿಂದಿನ_ಚಕ್ರ

ಅದರ ಇನ್ನೊಂದು ಮುಖ ಟೋಕಿಯೋ. ಒಲಿಂಪಿಕ್ಸ್ ಮ್ಯಾರಥಾನನ್ನ ಸೆಖೆಗೆ ಹೆದರಿ ಸಪ್ಪೊರೊಗೆ ಒಯ್ದರು, ಟ್ರಯಥ್ಲಾನ್ ಮಾತ್ರ ಟೋಕಿಯೋದ ಒಡೈಬಾದಲ್ಲೇ ಬೆಳಿಗ್ಗೆ ಆರೂವರೆಗೆ ನಡೀತು. ಗೆದ್ದದ್ದು ನಾರ್ವೆಯ ಕ್ರಿಸ್ಟಿಯನ್ ಬ್ಲುಮೆನ್‌ಫೆಲ್ಟ್. ಮಳೆ ಚಳಿಯ ಬರ್ಗೆನ್ ಊರಿನವನು! ಗೆರೆ ದಾಟಿದ ಮೇಲೆ ಬಿದ್ದು ವಾಂತಿ ಮಾಡ್ಕೊಂಡ, ಅದು ಬೇರೆ ಮಾತು. ತಣ್ಣನೆ ಊರಿನವರು ಸೆಖೆಗೆ ತಯಾರಾಗಬಹುದು ಅನ್ನೋಕೆ ಬೆಂಗಳೂರಿಗರಿಗೆ ಅಷ್ಟು ಸಾಕು.

ಮೊದಲ_ಸಲ_ದಾವಣಗೆರೆ

ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ 2024ರಲ್ಲಿ 8 ಗಂಟೆ 27 ನಿಮಿಷಕ್ಕೆ ಮುಗಿಸಿದ್ರಲ್ಲ, ಆ ಸುದ್ದಿ ಓದಿಯೇ ನನಗೆ ಈ ಹುಚ್ಚು ಹತ್ತಿದ್ದು. ಕಟ್ ಆಫ್‌ಗೆ ಮೂರು ನಿಮಿಷ ಇರುವಾಗ ಮುಗಿಸಿದರೂ ಮೆಡಲ್ ಒಂದೇ ಅಂತ. ಆದರೆ ನಿಧಾನಗತಿಯವರಿಗೆ ಬಿಸಿಲೂ ಜಾಸ್ತಿ ಹೊತ್ತು ಅಲ್ವಾ? ಮೊದಲನೆಯವರು ಮಧ್ಯಾಹ್ನಕ್ಕೆ ಮುಂಚೆ ಮುಗಿಸಿ ಎಸಿ ರೂಮಲ್ಲಿರ್ತಾರೆ, ನಾವು ಮೂರು ಗಂಟೆಗೂ ರಸ್ತೆ ಮೇಲೆ.

ಹಿಂದಿನ_ಚಕ್ರ

ಸರಿಯಾಗಿ ಹಿಡಿದ್ರಿ. ಅದಕ್ಕೇ ನಮ್ಮಂಥವರಿಗೆ ಸೆಖೆಯ ತಯಾರಿ ಗೆಲ್ಲೋರಿಗಿಂತ ಹೆಚ್ಚು ಬೇಕು. ಸೈಕಲ್ಲಲ್ಲಿ ಹತ್ತು ನಿಮಿಷ ಉಳಿಸೋಕೆ ಹೋಗಿ ಓಟದಲ್ಲಿ ಮುಕ್ಕಾಲು ಗಂಟೆ ಕಳ್ಕೊಳ್ಳೋದನ್ನ ಕಣ್ಣಾರೆ ನೋಡಿದೆ.

ಮೊದಲ_ಸಲ_ದಾವಣಗೆರೆ

ಕೊನೇ ಪ್ರಶ್ನೆ, ಪ್ರಾಮಿಸ್. ಸೈಕಲ್ಲನ್ನ ಹಿಂದಿನ ದಿನವೇ ಟ್ರಾನ್ಸಿಷನ್‌ನಲ್ಲಿ ಬಿಟ್ಟು ಬರಬೇಕಂತೆ. ಬಿಸಿಲಲ್ಲಿ ಟ್ಯೂಬ್ ಸಿಡಿಯುತ್ತೆ ಅಂತ ಯಾರೋ ಹೆದರಿಸಿದ್ರು.

ಹಿಂದಿನ_ಚಕ್ರ

ಮಧ್ಯಾಹ್ನ ಬಿಡುವಾಗ ಗಾಳಿ ಸ್ವಲ್ಪ ಇಳಿಸಿ ಬಿಡಿ, ಬೆಳಿಗ್ಗೆ ಈಜಿಗೆ ಮುಂಚೆ ಒಳಗೆ ಬಿಡ್ತಾರೆ, ಆಗ ತುಂಬಿಸ್ಕೊಳ್ಳಿ. ಪಂಪಿಗೆ ಸಾಲು ಇರುತ್ತೆ, ಪಕ್ಕದವರ ಹತ್ತಿರ ಕೇಳಿದ್ರೆ ಕೊಡ್ತಾರೆ. ಬಾಟಲಿಗಳನ್ನ ಮಾತ್ರ ರಾತ್ರಿಯೇ ಇಡಬೇಡಿ. ಹಿಂದಿನ ರಾತ್ರಿ ಹೋಟೆಲ್ ಫ್ರಿಜ್ಜಿನಲ್ಲಿ ಗಟ್ಟಿಯಾಗಿ ಹೆಪ್ಪುಗಟ್ಟಿಸಿ ಬೆಳಿಗ್ಗೆ ತಗೊಂಡು ಹೋದ್ರೆ, ನೀವು ನೀರಿಂದ ಎದ್ದು ಬರೋ ಹೊತ್ತಿಗೆ ಅರ್ಧ ಕರಗಿ ಕುಡಿಯೋಕೆ ಹದವಾಗಿರುತ್ತೆ. ಕಂಕುಳು, ಕುತ್ತಿಗೆಗೆ ವ್ಯಾಸಲೀನ್ ಈಜಿಗೆ ಮುಂಚೆಯೇ, ಉಪ್ಪುನೀರಿನ ಉಜ್ಜು ಗಾಯ ಬೆವರಿಗೆ ಸಿಕ್ಕರೆ ಕಣ್ಣಲ್ಲಿ ನೀರು ಬರುತ್ತೆ. ಟ್ರೈನರ್ ಇಲ್ಲದಿದ್ದರೆ ಹೇಳಿ, ನನ್ನ ಹಳೇದು ಅಟ್ಟದ ಮೇಲಿದೆ, ದಾವಣಗೆರೆ ಬಸ್ಸಿಗೆ ಹಾಕಿಸ್ತೀನಿ.